30 ಕೆ.ಜಿ. ಪಯೋನಿಯರನ್ನು ಮೈಸೂರಿಗೆ ತರಲೇ?

ಓದುಗರ ಪ್ರಶ್ನೆ: ಸರ್, ನಮಸ್ಕಾರ. ನಾವು 22 ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇವೆ. ಮುಂದಿನ ಬೇಸಿಗೆಗೆ ಮೈಸೂರಿಗೆ ವಾಪಸ್ ಬರುತ್ತಿದ್ದೇವೆ. ಪಕ್ಕದ ಮನೆಯ ಅಜ್ಜ ಮನೆ ಖಾಲಿ ಮಾಡುವಾಗ ತಮ್ಮ ಪಯೋನಿಯರ್ ಎಸ್‌ಎಕ್ಸ್-1250 ರಿಸೀವರನ್ನು (ರೇಡಿಯೋ, ಆಂಪ್ಲಿಫೈಯರ್ ಒಂದರಲ್ಲೇ ಇರುವ ಸೆಟ್ಟು) ನನಗೆ ಕೊಟ್ಟು ಹೋದರು. ಹತ್ತು ವರ್ಷದಿಂದ ಆನ್ ಮಾಡಿಲ್ಲವಂತೆ. ನಾನೂ ಇನ್ನೂ ಪ್ಲಗ್ ಹಾಕಿಲ್ಲ. ಮೈಸೂರಿನ ಮನೆಯಲ್ಲಿ ಅಪ್ಪನ ಕಾಲದ ಸುಮಾರು 150 ಎಲ್‌ಪಿ ಪ್ಲೇಟುಗಳಿವೆ, ಬಹುಪಾಲು ಹಿಂದೂಸ್ತಾನಿ ಗಾಯನ. ಇಷ್ಟು ಭಾರದ್ದನ್ನು ಹೊತ್ತು ತರುವುದು ಸರಿಯೇ? ನಿಮ್ಮ ಹತ್ತಿರವೂ ಇದೇ ಇದೆ ಎಂದು ಹಿಂದೊಮ್ಮೆ ಬರೆದಿದ್ದಿರಿ. ದಿನಾ ಬಳಸುವವರಾಗಿ ನಿಮ್ಮ ಅಭಿಪ್ರಾಯ ಹೇಳಿ. (ಎಡಿಸನ್, ನ್ಯೂಜೆರ್ಸಿ)

ಉತ್ತರ: ಖಂಡಿತ ತನ್ನಿ. ಆದರೆ ಆಸೆ ತಡೆಯಲಾರದೆ ಇವತ್ತೇ ಪ್ಲಗ್ ಹಾಕಿಬಿಡಬೇಡಿ. ಅದರ ಕಾರಣಕ್ಕೆ ಆಮೇಲೆ ಬರುತ್ತೇನೆ.

ಹೌದು, ನನ್ನ ಹತ್ತಿರವೂ ಇದೆ. 2011ರಲ್ಲಿ ನನ್ನ ಷಡ್ಡಕರು ಚಿಕಾಗೋದಿಂದ ವಾಪಸ್ ಬರುವಾಗ ಮನೆ ಸಾಮಾನಿನ ಜೊತೆ ತಂದುಕೊಟ್ಟರು. ಬಸವನಗುಡಿಯ ನಮ್ಮ ಮನೆಯ ಹಾಲಿನಲ್ಲಿ ಒಂದು ತೇಗದ ಮೇಜಿನ ಮೇಲಿದೆ. ಮೊದಲು ಪ್ಲೈವುಡ್ ಸ್ಟ್ಯಾಂಡಿನ ಮೇಲೆ ಇಟ್ಟಿದ್ದೆ. ಒಂದೇ ತಿಂಗಳಲ್ಲಿ ಹಲಗೆ ನಡುವೆ ಬಗ್ಗಿತು. ಹತ್ತಿರ ಹತ್ತಿರ 30 ಕೆ.ಜಿ. ತೂಕ, ಅದೂ ಟ್ರಾನ್ಸ್‌ಫಾರ್ಮರ್ ಇರುವ ಕಡೆಗೇ ಜಾಸ್ತಿ. ಎತ್ತುವಾಗ ಇಬ್ಬರು ಬೇಕು, ಒಬ್ಬರೇ ಸಾಹಸ ಮಾಡಬೇಡಿ.

ಸಂಜೆ ಆರೂವರೆಗೆ ನಾನು ಸ್ವಿಚ್ ಹಾಕುತ್ತೇನೆ. ಡಯಲ್ ಪೂರ್ತಿ ಹೊಂಬಣ್ಣದ ಬೆಳಕು ಬರುತ್ತದೆ. ಸದ್ದು ಮಾತ್ರ ಬರುವುದಿಲ್ಲ. ಕೆಲವು ಸೆಕೆಂಡು ಕಾಯಬೇಕು. ಆಮೇಲೆ ಒಳಗಿನಿಂದ ‘ಟಕ್’ ಎನ್ನುತ್ತದೆ. ಅದು ರಿಲೇ. ಒಳಗೆ ಎಲ್ಲ ಸ್ಥಿರವಾದ ಮೇಲೆಯೇ ಅದು ಸ್ಪೀಕರಿಗೆ ದಾರಿ ಬಿಡುತ್ತದೆ. ಆ ಟಕ್ ಕೇಳದಿದ್ದರೆ ಒಳಗೆ ಏನೋ ಕೆಟ್ಟಿದೆ ಅಂತ ತಿಳಿಯಬೇಕು. ನಮ್ಮ ಮನೆಯವರಿಗೂ ಆ ಸದ್ದಿನ ಗುರುತು ಇದೆ. ಅಡುಗೆಮನೆಯಲ್ಲಿದ್ದವರು ಟಕ್ ಕೇಳಿದ ಕೂಡಲೇ ಒಲೆ ಸಣ್ಣ ಮಾಡಿ ಬಂದು ಕೂರುತ್ತಾರೆ.

ಶಬ್ದ ಹೇಗಿದೆ ಅಂತ ತಾನೇ ನಿಮ್ಮ ಮುಖ್ಯ ಪ್ರಶ್ನೆ? ಇದರ ಶಕ್ತಿ ಗೊತ್ತಾಗುವುದು ಜೋರಾಗಿ ಹಾಕಿದಾಗ ಅಲ್ಲ, ಮೆಲ್ಲಗೆ ಹಾಕಿದಾಗ. ರಾತ್ರಿ ಹತ್ತಕ್ಕೆ ಮಲ್ಲಿಕಾರ್ಜುನ ಮನ್ಸೂರರ ಪ್ಲೇಟು ಹಾಕಿ, ಪಕ್ಕದ ಕೋಣೆಗೂ ಕೇಳದಷ್ಟು ಸಣ್ಣ ವಾಲ್ಯೂಮಿನಲ್ಲಿ ಇಡಿ. ಹಿಂದಿನ ತಂಬೂರ ಬಿಡಿಬಿಡಿಯಾಗಿ ಕೇಳುತ್ತದೆ. ಅವರು ಉಸಿರು ತೆಗೆದುಕೊಳ್ಳುವುದು ಕೇಳುತ್ತದೆ. ತಬಲದ ಎಡ ತುಂಬಿಕೊಂಡು ಬರುತ್ತದೆ, ಆದರೆ ಗಾಯನದ ಮೇಲೆ ಕೂರುವುದಿಲ್ಲ. ನನ್ನ ಹಳೆಯ 20 ವ್ಯಾಟಿನ ಆಂಪ್ಲಿಫೈಯರಿನಲ್ಲಿ ಇದೇ ಪ್ಲೇಟು ಚೆನ್ನಾಗಿಯೇ ಇತ್ತು, ಆದರೆ ತಾನದ ಜೋರು ಬಂದಾಗ ಧ್ವನಿ ಸ್ವಲ್ಪ ಬಿಗಿಯುತ್ತಿತ್ತು. ಇಲ್ಲಿ ಅದು ಇಲ್ಲವೇ ಇಲ್ಲ. ಹದಿನೈದು ವರ್ಷದ ಹತ್ತಿರ ಕೇಳಿದ್ದೇನೆ, ಬೇಸರ ಬಂದಿಲ್ಲ. ಎತ್ತರದ ಸ್ವರಗಳು ಈಗಿನ ಒಳ್ಳೆಯ ಆಂಪ್ಲಿಫೈಯರುಗಳಷ್ಟು ಚೂಪಾಗಿಲ್ಲ, ಅದು ನಿಜ. ಹಳೆಯ ಗಾಯನಕ್ಕೆ ಆ ಮೃದು ಗುಣ ಒಗ್ಗುತ್ತದೆ ಅಂತ ನನ್ನ ಕಿವಿ ಹೇಳುತ್ತದೆ.

ಇದು ಇಷ್ಟು ಭಾರ ಯಾಕೆ ಅನ್ನುವುದಕ್ಕೂ ಕಾರಣ ಇದೆ. ಎಪ್ಪತ್ತರ ದಶಕದ ಮೊದಲಲ್ಲಿ ಅಮೆರಿಕದಲ್ಲಿ ಒಬ್ಬೊಬ್ಬರು ಒಂದೊಂದು ಲೆಕ್ಕದಲ್ಲಿ ವ್ಯಾಟ್ ಬರೆಯುತ್ತಿದ್ದರು. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಟೇಪ್ ರೆಕಾರ್ಡರ್ ಮೇಲೆ ‘1000 ವ್ಯಾಟ್ ಪಿಎಂಪಿಒ’ ಅಂತ ಸ್ಟಿಕ್ಕರ್ ಇರುತ್ತಿತ್ತಲ್ವಾ, ಅದೇ ಥರ. 1974ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ನಿಯಮ ತಂದಿತು. ಎಡ, ಬಲ ಎರಡೂ ಚಾನೆಲ್ ಒಟ್ಟಿಗೆ ದುಡಿಯುವಾಗ, ನಿರಂತರವಾಗಿ ಕೊಡುವ ವ್ಯಾಟ್ ಮಾತ್ರ ಬರೆಯಬೇಕಿತ್ತು. ಅಳೆಯುವ ಮೊದಲು ಒಂದು ಗಂಟೆ ಕಾಲ ಮೂರನೇ ಒಂದು ಭಾಗ ಶಕ್ತಿಯಲ್ಲಿ ಓಡಿಸಬೇಕಿತ್ತು. ಈ ಜಾತಿಯ ಸರ್ಕ್ಯೂಟ್ ಸುಮಾರಾಗಿ ಆ ಮಟ್ಟದಲ್ಲೇ ಹೆಚ್ಚು ಬಿಸಿಯಾಗುತ್ತದೆ. ಹಾಗಾಗಿ ದೊಡ್ಡ ಟ್ರಾನ್ಸ್‌ಫಾರ್ಮರ್, ಬಿಸಿ ಹೊರಹಾಕುವ ದೊಡ್ಡ ಹೀಟ್‌ಸಿಂಕ್ ಹಾಕದೆ ದೊಡ್ಡ ಸಂಖ್ಯೆ ಬರೆಯಲು ಆಗುತ್ತಿರಲಿಲ್ಲ. 1976ರ ಈ ಎಸ್‌ಎಕ್ಸ್-1250 ಹಾಗೆ ಅಳೆದ ಮೇಲೆ ಚಾನೆಲಿಗೆ 160 ವ್ಯಾಟ್. ಒಳಗೆ 22,000 ಮೈಕ್ರೊಫ್ಯಾರಡ್‌ನ ನಾಲ್ಕು ಕಂಡೆನ್ಸರುಗಳು (ಕರೆಂಟ್ ಹಿಡಿದಿಡುವ ಡಬ್ಬಿಗಳು), ಒಂದೊಂದೂ ಟೀ ಲೋಟದ ಗಾತ್ರ. ಎರಡೇ ವರ್ಷದಲ್ಲಿ ಪಯೋನಿಯರ್ 270 ವ್ಯಾಟಿನ ಎಸ್‌ಎಕ್ಸ್-1980 ತಂದಿತು. ಸಾನ್ಸುಯಿ, ಮರಾಂಟ್ಜ್ 300 ಮುಟ್ಟುವವರೆಗೂ ಪೈಪೋಟಿ ನಡೆಯಿತು. ಆಮೇಲೆ ಯಾರೂ ಮನೆಗೆ ಅಂತ ಇಷ್ಟು ಕಬ್ಬಿಣ, ತಾಮ್ರ ಸುರಿದು ರಿಸೀವರ್ ಮಾಡಿದ್ದು ಕಡಿಮೆ.

ಈಗ ಪ್ಲಗ್ ವಿಚಾರ. ಹತ್ತು ವರ್ಷ ಕರೆಂಟ್ ಕಾಣದ ಕಂಡೆನ್ಸರಿಗೆ ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಅದು ಹಾಳಾಗಬಹುದು, ಜೊತೆಗೆ ಔಟ್‌ಪುಟ್ ಟ್ರಾನ್ಸಿಸ್ಟರುಗಳನ್ನೂ ಎಳೆದುಕೊಂಡು ಹೋಗಬಹುದು. ಅಮೆರಿಕದಲ್ಲೇ ಹಳೆಯ ಆಂಪ್ಲಿಫೈಯರ್ ಬಲ್ಲ ಒಬ್ಬರಿಗೆ ಕೊಡಿ. ಅವರು ಸೀರೀಸ್ ಬಲ್ಬ್ ಇಟ್ಟು, ಡಿಮ್ಮರ್‌ಸ್ಟಾಟ್‌ನಲ್ಲಿ ವೋಲ್ಟೇಜನ್ನು ಮೆಲ್ಲಗೆ ಏರಿಸಿ ನೋಡುತ್ತಾರೆ. ಸೀರೀಸ್ ಬಲ್ಬ್ ನಮ್ಮ ವೈರ್‌ಮನ್‌ಗಳೆಲ್ಲ ಬಳಸುವ ಉಪಾಯವೇ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಸರಿ, ಜೋರಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ನೀವೇ ಮುಚ್ಚಳ ತೆಗೆದು ಕೈ ಹಾಕಬೇಡಿ. ಆ ದೊಡ್ಡ ಕಂಡೆನ್ಸರುಗಳು ಪ್ಲಗ್ ತೆಗೆದ ಮೇಲೂ ಚಾರ್ಜ್ ಹಿಡಿದುಕೊಂಡಿರುತ್ತವೆ. ಸರ್ವಿಸ್‌ಗೆ ಕೊಟ್ಟಾಗ ಮೂರು ಕೆಲಸ ಕೇಳಿ: ರಿಲೇ ಬದಲಿಸುವುದು, ಬಿರುಕು ಬಿಟ್ಟ ಬೆಸುಗೆಗಳನ್ನು ಮತ್ತೆ ಮಾಡುವುದು, 2ಎಸ್‌ಎ726 ಎಂಬ ಚಿಕ್ಕ ಟ್ರಾನ್ಸಿಸ್ಟರುಗಳನ್ನು ತೆಗೆಯುವುದು. ಈ ಟ್ರಾನ್ಸಿಸ್ಟರ್ ಆ ಕಾಲದ ಎಷ್ಟೋ ಸೆಟ್ಟುಗಳಲ್ಲಿದೆ. ವಯಸ್ಸಾದಂತೆ ‘ಸೊರ್’ ಅಂತ ಸದ್ದು ಮಾಡುತ್ತದೆ.

ಮೈಸೂರಿಗೆ ಬಂದ ಮೇಲೆ ವೋಲ್ಟೇಜ್ ತೊಂದರೆ. ಬೇರೆ ದೇಶಗಳಿಗೆ ಅಂತ ಮಾಡಿದ ಕೆಲವು ಸೆಟ್ಟುಗಳ ಹಿಂದೆ ವೋಲ್ಟೇಜ್ ಬದಲಿಸುವ ಸ್ವಿಚ್ ಇರುತ್ತದೆ. ಅಮೆರಿಕದ್ದರಲ್ಲಿ ಇರುವುದಿಲ್ಲ, ಅದು 120 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದ್ದು. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. 60ಕ್ಕೆ ಮಾಡಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಹೆಚ್ಚು ಕಾಯುತ್ತದೆ, ಸ್ವಲ್ಪ ಗುಂಯ್ ಅನ್ನುತ್ತದೆ. ನಾನು ಮೊದಲು 500 ವಿಎಯ (ವಿಎ ಅಂದರೆ ಅದು ಹೊರಬಲ್ಲ ಭಾರದ ಅಳತೆ) ಅಗ್ಗದ ಸ್ಟೆಪ್‌ಡೌನ್ ತಂದೆ. ಅಂಗಡಿಯವರು ಸಾಕು ಅಂದರು. ಅರ್ಧ ಗಂಟೆಯಲ್ಲಿ ಅದರ ಮೇಲೆ ಕೈ ಇಡಲಾಗುತ್ತಿರಲಿಲ್ಲ, ಪಯೋನಿಯರ್ ಒಳಗಿನ ಗುಂಯ್ ಮೂರು ಅಡಿ ದೂರಕ್ಕೆ ಕೇಳುತ್ತಿತ್ತು. ಆಮೇಲೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರಸ್ತೆಗೆ ಹೋಗಿ 1500 ವಿಎಯದನ್ನು ಸುತ್ತಿಸಿಕೊಂಡು ಬಂದೆ. 120 ಮತ್ತು 110 ವೋಲ್ಟ್, ಎರಡಕ್ಕೂ ಟ್ಯಾಪ್ (ಹೊರಬರುವ ತಂತಿ) ಹಾಕಿಸಿದೆ. 110ಕ್ಕೆ ಹಾಕಿದ ದಿನವೇ ಗುಂಯ್ ನಿಂತಿತು. ವೋಲ್ಟೇಜ್ ಇಳಿಸಿದ್ದರಿಂದ ಪಯೋನಿಯರಿನ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಕೋರಿನ ಮೇಲಿನ ಭಾರ ಇಳಿಯಿತು, ಅಷ್ಟೇ ಲೆಕ್ಕ. ಶಕ್ತಿ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಕಿವಿಗೆ ಗೊತ್ತಾಗುವುದಿಲ್ಲ.

ಅಲ್ಲಿಂದ ಟರ್ನ್‌ಟೇಬಲ್ ಕೂಡ ತರುತ್ತಿದ್ದೀರಾ? ಹಾಗಿದ್ದರೆ ಅದರ ಮೋಟಾರ್ ಯಾವುದು ಅಂತ ನೋಡಿಕೊಳ್ಳಿ. ಕರೆಂಟಿನ ಹರ್ಟ್ಸ್ ಮೇಲೆ ಓಡುವ ಎಸಿ ಮೋಟಾರಾದರೆ ಇಲ್ಲಿ ಆರನೇ ಒಂದು ಭಾಗ ನಿಧಾನವಾಗುತ್ತದೆ. ಶ್ರುತಿ ಸುಮಾರು ಮೂರು ಸ್ವರಸ್ಥಾನ ಇಳಿದುಬಿಡುತ್ತದೆ. ಸಂಗೀತ ಬಲ್ಲವರಿಗೆ ಅದನ್ನು ಕೇಳಲಾಗುವುದಿಲ್ಲ.

ರೇಡಿಯೋ ಬಗ್ಗೆ ಚಿಂತೆ ಬೇಡ. ಮೈಸೂರು ಆಕಾಶವಾಣಿ 100.6ರಲ್ಲಿ ಚೆನ್ನಾಗಿ ಸಿಗುತ್ತದೆ. ಅಮೆರಿಕದ ಎಫ್‌ಎಂ ಸೆಟ್ಟು ಎತ್ತರದ ಸ್ವರವನ್ನು ನಮ್ಮ ಪದ್ಧತಿಗಿಂತ ಸ್ವಲ್ಪ ಜಾಸ್ತಿ ಇಳಿಸುತ್ತದೆ, ಟ್ರೆಬಲ್ ನಾಬನ್ನು ಒಂದು ಗುರುತು ಮೇಲೆ ತಿರುಗಿಸಿದರೆ ಆಯಿತು.

ಕಟ್ಟುವಾಗ ಎರಡು ಪೆಟ್ಟಿಗೆ, ನಡುವೆ ಗಟ್ಟಿ ಫೋಮ್. ಥರ್ಮೋಕೋಲ್ ಪುಡಿ ಬೇಡ, ಅದು ಈ ಭಾರಕ್ಕೆ ಜರುಗುತ್ತದೆ. ನಾಬುಗಳ ಮುಂದೆ ಹಲಗೆ ಕೊಡಿ. ನನ್ನದು ಬಂದಾಗ ಮುಂದಿನ ಒಂದು ನಾಬಿನ ಕಡ್ಡಿ ಬಾಗಿತ್ತು. ಸರಿಮಾಡಿಸಲು ನಾಲ್ಕು ತಿಂಗಳು ಅಲೆದೆ.

ಓದುಗರ ಪ್ರಶ್ನೆ: ನಮ್ಮ ಹಾಲು 12 ಅಡಿಗೆ 14 ಅಡಿ. ನನ್ನ 25 ವ್ಯಾಟಿನ ಆಂಪ್ಲಿಫೈಯರಿನಲ್ಲಿ ವಾಲ್ಯೂಮ್ ಅರ್ಧಕ್ಕೂ ಹೋಗುವುದಿಲ್ಲ. 160 ವ್ಯಾಟ್ ಯಾರಿಗೆ ಬೇಕು? ಸುಮ್ನೆ ಗೀಳಲ್ಲವೇ? ಸ್ಪೀಕರ್ ಸುಡುವುದಿಲ್ಲವೇ? (ಹುಬ್ಬಳ್ಳಿ)

ಉತ್ತರ: ನ್ಯಾಯವಾದ ಪ್ರಶ್ನೆ. 25ರಿಂದ 160ಕ್ಕೆ ಹೋದರೆ ಹೆಚ್ಚುವುದು ಸುಮಾರು 8 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು ವ್ಯಾಟ್ ಹತ್ತು ಪಟ್ಟು ಬೇಕು. ಮನೆಯಲ್ಲಿ ನಾವು ಕೇಳುವುದು ಬಹಳ ಹೊತ್ತು 1 ವ್ಯಾಟ್‌ಗಿಂತ ಕೆಳಗೇ. ಅಲ್ಲಿಯವರೆಗೆ ನಿಮ್ಮ ಮಾತು ಸರಿ.

ಆದರೆ ಸಂಗೀತ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಮೃದಂಗದ ಒಂದು ಪೆಟ್ಟು, ಘಟದ ಒಂದು ಗುಮ್ಕಿ ಸರಾಸರಿಗಿಂತ 20 ಡೆಸಿಬೆಲ್ ಏರಿದರೆ ಆ ಕ್ಷಣಕ್ಕೆ 100 ಪಟ್ಟು ಶಕ್ತಿ ಬೇಕು. 1 ವ್ಯಾಟಿನಲ್ಲಿ ಕೇಳುತ್ತಿದ್ದರೆ 100 ವ್ಯಾಟ್. ಆಂಪ್ಲಿಫೈಯರಿನಲ್ಲಿ ಅಷ್ಟು ಇಲ್ಲದಿದ್ದರೆ ಪೆಟ್ಟಿನ ತುದಿ ಮೊಂಡಾಗುತ್ತದೆ. ತನಿ ಆವರ್ತನ ಕೇಳುವವರಿಗೆ ಇದು ದೊಡ್ಡ ವಿಷಯ, ನನಗಂತೂ ಹೌದು. ನೀವು ಹೆಚ್ಚಾಗಿ ಭಾವಗೀತೆ, ಹಳೆಯ ಚಿತ್ರಗೀತೆ ಕೇಳುವವರಾದರೆ 25 ವ್ಯಾಟ್ ಧಾರಾಳ ಸಾಕು. ಆ ದುಡ್ಡನ್ನು ಒಳ್ಳೆಯ ಸ್ಪೀಕರಿಗೆ ಹಾಕಿ.

ಸ್ಪೀಕರ್ ಸುಡುವ ಭಯ ಎರಡೂ ಕಡೆ ಇದೆ. ಸಣ್ಣ ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ಒತ್ತಿದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಆಗ ಎತ್ತರದ ಸ್ವರ ಕೊಡುವ ಟ್ವೀಟರಿಗೆ ಪೆಟ್ಟು. ದೊಡ್ಡದರಲ್ಲಿ ಅಪಾಯ ಕೈತಪ್ಪಿನದು. ಮೊಮ್ಮಕ್ಕಳು ಬಂದಾಗ ನಾನು ಸ್ಪೀಕರ್ ಸೆಲೆಕ್ಟರನ್ನು ಆಫ್‌ಗೆ ತಿರುಗಿಸಿಡುತ್ತೇನೆ.

ಓದುಗರ ಪ್ರಶ್ನೆ: ಒಬ್ಬರು ಇದೇ ಕಾಲದ ಆಂಪ್ಲಿಫೈಯರ್ ಮಾರುತ್ತಿದ್ದಾರೆ. ‘ಎಲ್ಲ ಕಂಡೆನ್ಸರ್ ಹೊಸದು’ ಅಂತ ಹೇಳಿ ಬೆಲೆ ಜಾಸ್ತಿ ಕೇಳುತ್ತಾರೆ. ನಂಬುವುದು ಹೇಗೆ? (ಶಿವಮೊಗ್ಗ)

ಉತ್ತರ: ಮುಚ್ಚಳ ತೆಗೆಸಿ, ಬೆಸುಗೆ ನೋಡಿ. ಕೆಲಸ ಚೆನ್ನಾಗಿದ್ದರೆ ಬೆಸುಗೆ ಹೊಳೆಯುತ್ತದೆ, ಸುತ್ತ ಸುಟ್ಟ ಕಲೆ ಇರುವುದಿಲ್ಲ, ತಾಮ್ರದ ಪಟ್ಟಿ ಎದ್ದಿರುವುದಿಲ್ಲ. ಕೆಟ್ಟ ಕೈಯವರು ಎಲ್ಲವನ್ನೂ ಬದಲಿಸಿದ ಸೆಟ್ಟಿಗಿಂತ ಯಾರೂ ಮುಟ್ಟದ ಸೆಟ್ಟು ವಾಸಿ. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ನನ್ನದರ ವಾಲ್ಯೂಮ್ ಗರಗರ ಅನ್ನುತ್ತಿತ್ತು ಅಂತ ಒಬ್ಬ ರಿಪೇರಿಯವರಿಗೆ ಕೊಟ್ಟಿದ್ದೆ. ಅವರು ತುಕ್ಕು ಬಿಡಿಸುವ ಎಣ್ಣೆ ಹೊಡೆದರು. ವಾರದಲ್ಲಿ ಅದಕ್ಕೆ ಧೂಳು ಮೆತ್ತಿ ಒಂದು ಚಾನೆಲ್ಲೇ ನಿಂತಿತು. ವಾಲ್ಯೂಮ್ ನಾಬಿನ ಹಿಂದಿರುವ ಪೊಟೆನ್ಶಿಯೋಮೀಟರಿಗೆ ಅಂತಲೇ ಕಾಂಟ್ಯಾಕ್ಟ್ ಕ್ಲೀನರ್ ಬರುತ್ತದೆ, ಅದನ್ನೇ ಬಳಸಬೇಕು.

ಮಲ್ಟಿಮೀಟರ್ ತೆಗೆದುಕೊಂಡು ಹೋಗಿ. ಹಾಡು ಹಾಕದೆ, ವಾಲ್ಯೂಮ್ ಸೊನ್ನೆಯಲ್ಲಿಟ್ಟು, ಸ್ಪೀಕರ್ ತಂತಿ ತೆಗೆದು, ಒಂದೊಂದು ಚಾನೆಲಿನ ಪ್ಲಸ್, ಮೈನಸ್ ಸ್ಪೀಕರ್ ಟರ್ಮಿನಲ್ಲುಗಳ ನಡುವೆ ಡಿಸಿ ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಒಳ್ಳೆಯದು. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ, ಓಡಾಡುತ್ತಿದ್ದರೆ ಬೇಡ. ಎಲ್ಲ ನಾಬುಗಳನ್ನೂ ತಿರುಗಿಸಿ ನೋಡಿ. ಅರ್ಧ ಗಂಟೆ ಕೇಳದೆ ದುಡ್ಡು ಕೊಡಬೇಡಿ. ಮಾರುವವರು ಅವಸರ ಮಾಡಿದರೆ ಎದ್ದು ಬನ್ನಿ.

ಓದುಗರ ಪ್ರಶ್ನೆ: ನನ್ನ ಹತ್ತಿರ ಸಾನ್ಸುಯಿ ಎಯು-717 ಆಂಪ್ಲಿಫೈಯರ್ ಇದೆ. ಎಂಟು ವರ್ಷದಿಂದ ಬಳಸುತ್ತಿದ್ದೇನೆ. ನಿಮ್ಮ ಪಯೋನಿಯರಿಗಿಂತ ಇದರ ಶಬ್ದವೇ ಚೊಕ್ಕ ಅಂತ ನನ್ನ ಅಭಿಪ್ರಾಯ. ಒಪ್ಪುತ್ತೀರಾ? ಒಳಗೆ ಕೆಲವು ಕಡೆ ಕಂದು ಬಣ್ಣದ ಅಂಟು ಇದೆ, ತೊಂದರೆಯೇ? (ಬೆಳಗಾವಿ)

ಉತ್ತರ: ಒಪ್ಪುತ್ತೇನೆ. ಚಾನೆಲಿಗೆ 85 ವ್ಯಾಟ್ ಇದ್ದರೂ ಮಧ್ಯದ ಸ್ವರಗಳಲ್ಲಿ, ಅದರಲ್ಲೂ ಪಿಟೀಲಿನಲ್ಲಿ, ಅದು ನನ್ನದಕ್ಕಿಂತ ಸ್ಪಷ್ಟ. ಗೆಳೆಯರೊಬ್ಬರ ಮನೆಯಲ್ಲಿ ಎರಡು ಸಂಜೆ ಕೂತು ಕೇಳಿದ್ದೇನೆ. ತಳದ ಗಟ್ಟಿತನದಲ್ಲಿ ಮಾತ್ರ ಪಯೋನಿಯರ್ ಮುಂದೆ.

ಆ ಅಂಟು ತೊಂದರೆಯೇ. ಕಂಡೆನ್ಸರ್ ಅಲುಗಾಡದಿರಲಿ ಅಂತ ಕಾರ್ಖಾನೆಯಲ್ಲೇ ಹಾಕಿದ್ದು ಅದು. ಮೊದಲು ತಿಳಿ ಬಣ್ಣ ಇರುತ್ತದೆ. ಬಿಸಿಗೆ, ವಯಸ್ಸಿಗೆ ಕಪ್ಪಾದಂತೆ ಕರೆಂಟನ್ನೂ ಹರಿಯಬಿಡುತ್ತದೆ, ಬಿಡಿಭಾಗಗಳ ಕಾಲುಗಳನ್ನೂ ತಿನ್ನುತ್ತದೆ. ಮರದ ಕಡ್ಡಿಯಿಂದ ಮೆಲ್ಲಗೆ ಕೆರೆಸಿ ತೆಗೆಸಿ, ಹಸಿರುಗಟ್ಟಿದ ಕಾಲುಗಳಿರುವ ಭಾಗ ಬದಲಿಸಿ. ಶಬ್ದ ಚೆನ್ನಾಗಿದೆ ಅಂತ ಮುಂದೂಡಬೇಡಿ. ಮಳೆಗಾಲಕ್ಕೆ ಮೊದಲೇ ಮಾಡಿಸಿ, ತೇವದ ಹವೆಯಲ್ಲಿ ಆ ಅಂಟು ಇನ್ನೂ ಬೇಗ ತಿನ್ನುತ್ತದೆ.