ಎಲಿಫೆಂಟಾ, ಕಾನ್ಹೇರಿ ಒಂದೇ ದಿನ ಬೇಡ

ನಾಲ್ವರು ಗೆಳೆಯರು ಒಂದು ವಾರ ಮುಂಬಯಿಗೆ ಹೋಗ್ತಿದ್ದೀವಿ, ಎಲಿಫೆಂಟಾ, ಕಾನ್ಹೇರಿ ಗುಹೆಗಳನ್ನ ಒಂದೇ ದಿನ ನೋಡೋಕೆ ಆಗುತ್ತಾ, ಎಲ್ಲಿ ಉಳಿಯೋದು ಅಂತ ಕೇಳಿದ್ದೀರಿ. ಖಂಡಿತ ಬೇರೆ ಬೇರೆ ದಿನ ಇಟ್ಟುಕೊಳ್ಳಿ. ಎಲಿಫೆಂಟಾ ದ್ವೀಪಕ್ಕೆ ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲೇ ಸುಮಾರು ಒಂದು ಗಂಟೆ, ಆಮೇಲೆ ಮೆಟ್ಟಿಲು ಬೇರೆ. ಕಾನ್ಹೇರಿ ಇರುವುದು ಊರಿನ ಇನ್ನೊಂದು ತುದಿಯಲ್ಲಿ, ಬೊರಿವಲಿ ಕಾಡಿನೊಳಗೆ. ಎರಡಕ್ಕೂ ಸೋಮವಾರ ರಜೆ, ಮರೆಯಬೇಡಿ.

ಎಲಿಫೆಂಟಾದಲ್ಲಿ ಮೂರು ಮುಖದ ಶಿವನ ಮುಂದೆ ಸುಮ್ನೆ ಸ್ವಲ್ಪ ಹೊತ್ತು ನಿಲ್ಲಿ. ಹತ್ತಿರ ಹತ್ತಿರ 20 ಅಡಿ ಎತ್ತರ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ನಮ್ಮ ಬಲಗಡೆಯ ಸೌಮ್ಯ ಮುಖದ ಹತ್ತಿರ ಕಮಲ ಹಿಡಿದ ಕೈ, ಎಡಗಡೆ ಉಗ್ರ ಭೈರವ, ಎಲ್ಲ ಒಂದೊಂದಾಗಿ ಕಾಣುತ್ತವೆ, ಅವಸರದಲ್ಲಿ ಹೋದರೆ ಸಿಗುವುದಿಲ್ಲ.

ಉಳಿಯಲು ದಾದರ್ ಕಡೆ ನೋಡಿ, ಸೆಂಟ್ರಲ್, ವೆಸ್ಟರ್ನ್ ಎರಡೂ ಮಾರ್ಗದ ಲೋಕಲ್ ರೈಲು ಅಲ್ಲೇ ಸಿಗುತ್ತವೆ. ಪಕ್ಕದ ಮಾಟುಂಗಾದಲ್ಲಿ ಉಡುಪಿ ಹೋಟೆಲುಗಳು ಜಾಸ್ತಿ, ಊಟದ ಚಿಂತೆ ಇಲ್ಲ.