ನಾಲ್ಕನೇ ಆಯಾಮವನ್ನು ಕಿವಿಯಿಂದ ತಿಳಿಯಬಹುದೇ?

ಉದ್ದ, ಅಗಲ, ಎತ್ತರ ಬಿಟ್ಟು ಇನ್ನೊಂದು ದಿಕ್ಕು ಎಷ್ಟು ಯೋಚಿಸಿದರೂ ಕಣ್ಣಿಗೆ ಕಟ್ಟುತ್ತಿಲ್ಲ, ಸಂಗೀತದಿಂದ ಏನಾದರೂ ದಾರಿ ಇದೆಯಾ ಎಂದು ಕೇಳಿದ್ದೀರಿ. ಇದೆ. ಒಂದು ತಂಬೂರಿ ಸಾಕು. ನಮ್ಮ ಶಿರಸಿ ಕಡೆ ಹಿಂದೂಸ್ತಾನಿ ಕಲಿಯುವವರು ಜಾಸ್ತಿ, ನನ್ನ ಅಭ್ಯಾಸವೂ ಅದೇ. ಹಾಗಾಗಿ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ತಂಬೂರಿಗೆ ನಾಲ್ಕು ತಂತಿ. ಮಂದ್ರ ಪಂಚಮ, ಷಡ್ಜದ ಜೋಡಿ, ಕೊನೆಗೆ ಖರ್ಜ, ಅಂದರೆ ಒಂದು ಸ್ಥಾಯಿ ಕೆಳಗಿನ ಷಡ್ಜ. ಷಡ್ಜ 140 ಹರ್ಟ್ಸ್ (ಸೆಕೆಂಡಿಗೆ 140 ಕಂಪನ) ಎಂದುಕೊಂಡರೆ ತಂತಿಗಳು 105, 140, 140, 70. ಒಂದು ಬಿರಡೆ ತಿರುಗಿಸಿದರೆ ಒಂದೇ ಅಂಕಿ ಬದಲಾಗುತ್ತದೆ, ಉಳಿದ ಮೂರು ಇದ್ದಲ್ಲೇ ಇರುತ್ತವೆ. ಗಣಿತದವರು ಆಯಾಮ ಅನ್ನುವುದು ಇದಕ್ಕೇ. ಅಂದರೆ ನಿಮ್ಮ ತಂಬೂರಿಯ ಶ್ರುತಿ ನಾಲ್ಕು ಆಯಾಮದ ಜಾಗದಲ್ಲಿ ಒಂದು ಬಿಂದು. ಮಾಲಕೌಂಸ್ ರಾಗದಲ್ಲಿ ಪಂಚಮ ಇಲ್ಲ, ಮೊದಲ ತಂತಿಯನ್ನು ಮಧ್ಯಮಕ್ಕೆ, ಸುಮಾರು 93ಕ್ಕೆ ಇಳಿಸುತ್ತೇವೆ. ಆ ಬಿಂದು ಒಂದು ನೇರ ಗೆರೆಯಲ್ಲಿ ಸರಿಯಿತು, ಅಷ್ಟೇ.

ನನಗೆ ತುಂಬಾ ಇಷ್ಟವಾದದ್ದು ಜೋಡಿ ತಂತಿಗಳ ವಿಷಯ. ಒಂದು 140, ಇನ್ನೊಂದು 142 ಇದ್ದರೆ ದನಿ ಸೆಕೆಂಡಿಗೆ ಎರಡು ಸಲ ಏರಿ ಇಳಿಯುತ್ತದೆ. 141ಕ್ಕೆ ತಂದರೆ ಒಂದೇ ಸಲ. ಶ್ರುತಿ ಸೂಕ್ಷ್ಮವಾಗಿ ಹೊಂದಿಸಲು ತಂತಿಯಲ್ಲಿರುವ ಮಣಿಯನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋದಂತೆ ಅಲೆ ನಿಧಾನವಾಗಿ, ಕೊನೆಗೆ ನಿಂತೇ ಬಿಡುತ್ತದೆ. ಈಗ ನೋಡಿ, ಎರಡೂ ಷಡ್ಜ ಒಂದೇ ಆಗಿರುವ ಬಿಂದುಗಳನ್ನೆಲ್ಲ ಸೇರಿಸಿದರೆ ಆ ಜಾಗದೊಳಗೆ ಒಂದು ಗೋಡೆ ಆಗುತ್ತದೆ. ಆ ಗೋಡೆಗೇ ಮೂರು ಆಯಾಮ! ಅದನ್ನು ಕಣ್ಣಲ್ಲಿ ಕಾಣಲು ಆಗುವುದಿಲ್ಲ. ಆದರೆ ಅದು ಎಷ್ಟು ಹತ್ತಿರ ಬಂತು ಎಂದು ಕಿವಿಗೆ ಚೆನ್ನಾಗಿ ಗೊತ್ತಾಗುತ್ತದೆ. ಜೋಡಿಯ ಎರಡು ಶ್ರುತಿಗಳನ್ನು ಅದಲು ಬದಲು ಮಾಡಿದರೂ ಕೂಡಿ ಕೇಳುವ ನಾದ ಅದೇ, ಹಾಗಾಗಿ ಆ ಗೋಡೆ ಕನ್ನಡಿಯೂ ಹೌದು. ಅಮೆರಿಕದ ಸಂಗೀತ ಸಂಯೋಜಕ, ಸಂಗೀತಶಾಸ್ತ್ರಜ್ಞ ಡಿಮಿಟ್ರಿ ಟಿಮೊಚ್ಕೊ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದೇ ಜಾಡಿನಲ್ಲಿ ಬರೆದರು. ಸ್ವರಗಳ ಕ್ರಮವನ್ನೂ ಸ್ಥಾಯಿಯನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ಎರಡೆರಡು ಸ್ವರಗಳ ಜೋಡಿಗಳೆಲ್ಲ ಸೇರಿ ಮೋಬಿಯಸ್ ಪಟ್ಟಿ (ಒಂದು ಅರ್ಧ ಸುತ್ತು ತಿರುಚಿ ತುದಿಗಳನ್ನು ಅಂಟಿಸಿದ ಪಟ್ಟಿ) ಆಗುತ್ತವೆ. ನಾಲ್ಕು ಸ್ವರ ಕೂಡಿದರೆ ನಾಲ್ಕು ಆಯಾಮದ ಜಾಗ.

ಇದು ಶ್ರುತಿಗಳ ಜಾಗ, ನಾವು ಓಡಾಡುವ ಜಾಗ ಅಲ್ಲ. ನಿಜವಾಗಿ ನಾಲ್ಕು ದಿಕ್ಕಿನ ಲೋಕ ಇದ್ದಿದ್ದರೆ ಶಬ್ದ ಹೇಗಿರುತ್ತಿತ್ತು ಎಂಬುದಕ್ಕೂ ಲೆಕ್ಕ ಇದೆ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ, ಅಲ್ಲಿ 9 ಇಳಿಯುತ್ತದೆ. ರಾತ್ರಿ ಯಕ್ಷಗಾನದ ಚಂಡೆ ಅಡಿಕೆ ತೋಟದ ಆಚೆಯಿಂದಲೂ ಪೆಟ್ಟು ಪೆಟ್ಟಾಗಿ ಕೇಳುತ್ತದಲ್ಲ, ಅದು ಮೂರು ಆಯಾಮದ ಕೊಡುಗೆ. ಎರಡು, ನಾಲ್ಕು ಹೀಗೆ ಸಮ ಸಂಖ್ಯೆಯ ಆಯಾಮಗಳಲ್ಲಿ ಅಲೆ ದಾಟಿ ಹೋದ ಮೇಲೂ ಹಿಂದೆ ಒಂದು ಬಾಲ ಉಳಿಯುತ್ತದೆ. ಅಲ್ಲಿ ಚಂಡೆಯ ಒಂದು ಪೆಟ್ಟು ಮುಂದಿನದರ ಮೇಲೆ ಹರಡಿಕೊಳ್ಳುತ್ತಿತ್ತು. ಐದಕ್ಕೆ ಹೋದರೆ ಮತ್ತೆ ಬಾಲ ಇಲ್ಲ.

ಜೋಡಿ ತಂತಿಯ ಆ ಏರಿಳಿತ ಕೇಳಲು ತಂಬೂರಿ ಸಿಗದಿದ್ದರೆ ಎರಡು ಮೊಬೈಲ್‌ಗಳಲ್ಲಿ ಟೋನ್ ಜನರೇಟರ್ ಹಾಕಿಕೊಂಡು 280 ಮತ್ತು 282ರಿಂದ ಶುರು ಮಾಡಿ. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ 140 ಸರಿಯಾಗಿ ಕೇಳುವುದಿಲ್ಲ.