"ಸುಮ್ನೆ ಮನೇಲಿದ್ದೆ" ಅನ್ನಬೇಡಿ

ಅಕ್ಕ, ನಮಸ್ಕಾರ.

ಹೆಸರು ಹಾಕಬೇಡಿ ಅಂತ ಬರೆದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ವಿಷಯ ಸ್ವಲ್ಪ ಹೇಳುತ್ತೇನೆ. ನಿಮ್ಮೂರು ಮಂಡ್ಯ, ವಯಸ್ಸು 47. ಬಿ.ಕಾಂ. ಮುಗಿಸಿದ ವರ್ಷವೇ ಮದುವೆಯಾಯಿತು, ಆಮೇಲೆ ಹೊರಗೆ ದುಡಿದಿಲ್ಲ. ಯಜಮಾನರಿಗೆ ಸ್ಟ್ರೋಕ್ ಆದ ಮೇಲೆ ಅವರ ಹಾರ್ಡ್‌ವೇರ್ ಅಂಗಡಿ ಮುಚ್ಚಬೇಕಾಯಿತು. ಮಗ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಹೋದ ತಿಂಗಳು ಒಂದು ಬಟ್ಟೆ ಅಂಗಡಿಗೆ ಕೆಲಸ ಕೇಳಲು ಹೋದಿರಿ. "ಇಷ್ಟು ವರ್ಷ ಏನು ಮಾಡ್ತಿದ್ರಿ?" ಅಂದರು. "ಏನಿಲ್ಲ, ಸುಮ್ನೆ ಮನೇಲಿದ್ದೆ" ಅಂದಿರಿ. ಹೇಳಿ ಕಳಿಸ್ತೀವಿ ಅಂದವರು ಹೇಳಿ ಕಳಿಸಲೇ ಇಲ್ಲ. "ನನಗೆ ಧೈರ್ಯವೇ ಇಲ್ಲ. ಮೊದಲು ಅದು ಬರೋದು ಹೇಗೆ?" ಇದು ನಿಮ್ಮ ಪ್ರಶ್ನೆ.

ನಿಮ್ಮ ಪತ್ರದ ಎರಡನೇ ಪುಟದಲ್ಲಿ, ಮಗನ ಫೀಸಿನ ಮಾತಿನ ನಡುವೆ, ಒಂದು ಸಾಲು ಬಂದು ಹೋಗುತ್ತದೆ. "ನಮ್ಮ ಬೀದಿಯ ಸ್ವಸಹಾಯ ಸಂಘದ ಲೆಕ್ಕ 11 ವರ್ಷದಿಂದ ನಾನೇ ಬರೆಯೋದು, ಅಷ್ಟು ಬಿಟ್ಟರೆ ನಂಗೇನೂ ಗೊತ್ತಿಲ್ಲ." ನಾನು ಅಲ್ಲಿಗೇ ನಿಂತೆ. ಇಡೀ ಪತ್ರದಲ್ಲಿ ನಿಮಗೆ ಕೆಲಸ ಕೊಡಿಸುವ ಸಾಲು ಅದೊಂದೇ.

ಸಂಘದ ಲೆಕ್ಕ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ವಾರದ ಉಳಿತಾಯ ಜಮಾ ಮಾಡಬೇಕು. ಒಳಸಾಲ ಯಾರಿಗೆ ಎಷ್ಟು ಹೋಯಿತು, ಕಂತು ಎಷ್ಟು ಬಂತು, ಬಡ್ಡಿ ಎಷ್ಟು ಬಾಕಿ ಅಂತ ಖಾತೆಯಲ್ಲಿ ಏರಿಸಬೇಕು. ನಡಾವಳಿ ಪುಸ್ತಕಕ್ಕೆ ಎಲ್ಲರ ಸಹಿ ಹಾಕಿಸಬೇಕು. ನಗದು ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಎರಡೂ ತಾಳೆಯಾಗಬೇಕು. ಹತ್ತು ರೂಪಾಯಿ ಹೆಚ್ಚುಕಡಿಮೆಯಾದರೆ ಸಭೆಯಲ್ಲಿ ಎಲ್ಲರೂ ಮುಖಕ್ಕೇ ಕೇಳುತ್ತಾರೆ. ಬ್ಯಾಂಕಿನವರು ಸಂಘಕ್ಕೆ ಸಾಲ ಕೊಡುವ ಮುಂಚೆ ನೋಡುವ ಪಂಚಸೂತ್ರದಲ್ಲಿ ಸಭೆ, ಉಳಿತಾಯ, ಒಳಸಾಲ, ಮರುಪಾವತಿ ಇವುಗಳ ಜೊತೆ ಐದನೆಯದು ಪುಸ್ತಕ ನಿರ್ವಹಣೆ. ಅಷ್ಟು ವರ್ಷ ಅಷ್ಟು ಜನ ಆ ಪುಸ್ತಕವನ್ನು ನಿಮ್ಮ ಕೈಯಲ್ಲೇ ಬಿಟ್ಟಿದ್ದಾರೆ. ದುಡ್ಡಿನ ವಿಷಯದಲ್ಲಿ ನಮ್ಮ ಜನ ಸುಮ್ನೆ ಯಾರನ್ನೂ ನಂಬುವುದಿಲ್ಲ, ಅಲ್ವಾ?

ಬಟ್ಟೆ ಅಂಗಡಿಯವರಿಗೆ ಬೇಕಾಗಿದ್ದವರು ದಿನವಿಡೀ ನಿಂತು ಸೀರೆ ಬಿಚ್ಚಿ ಮಡಿಸುವವರು. ಆ ಜಾಗ ನಿಮ್ಮದಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮುಂದಿನ ಸಲ ಅದೇ ಪ್ರಶ್ನೆ ಬಂದರೆ ಹೀಗೆ ಹೇಳಿ: "ಬಿ.ಕಾಂ. ಮಾಡಿದ್ದೀನಿ. 11 ವರ್ಷದಿಂದ ಒಂದು ಸಂಘದ ನಗದು ಪುಸ್ತಕ, ಸಾಲದ ಖಾತೆ ಬರೀತಿದ್ದೀನಿ." ಅಷ್ಟೇ ಸಾಕು. ಸಂಘದ ಲೆಟರ್‌ಹೆಡ್ ಮೇಲೆ ಅಧ್ಯಕ್ಷೆ, ಕಾರ್ಯದರ್ಶಿ ಇಬ್ಬರ ಸಹಿ, ಸೀಲು ಹಾಕಿಸಿ ಒಂದು ಪತ್ರ ಬರೆಸಿಕೊಳ್ಳಿ. ಮನೆಯಲ್ಲಿ ಆ ಮಾತನ್ನು ಯಜಮಾನರ ಎದುರು ಗಟ್ಟಿಯಾಗಿ ಹೇಳಿ ನೋಡಿ. ಮೊದಮೊದಲು ದನಿ ನಡುಗುತ್ತದೆ, ನಡುಗಲಿ.

ಇನ್ನು ಧೈರ್ಯದ ಮಾತು. ನಮ್ಮ ಕಚೇರಿಯಲ್ಲಿ ಕರಡು ತಿದ್ದುವ ಒಬ್ಬರು ಸೇರಿದ್ದು 52ನೇ ವಯಸ್ಸಿನಲ್ಲಿ. ಕನ್ನಡ ಚೆನ್ನಾಗಿ ಬರುತ್ತಿತ್ತು, ಕಂಪ್ಯೂಟರ್ ಮುಟ್ಟಿದವರಲ್ಲ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಕೀಲಿಮಣೆಯ ಚಾರ್ಟನ್ನು ದೊಡ್ಡದಾಗಿ ಬರೆದು ಮಾನಿಟರ್ ಪಕ್ಕದ ಗೋಡೆಗೆ ಅಂಟಿಸಿಕೊಂಡಿದ್ದರು. ಒಂದು ಒತ್ತಕ್ಷರ ಹೊಡೆಯಲು ಚಾರ್ಟ್ ನೋಡುವುದು, ಬೆರಳು ಹುಡುಕುವುದು, ಮತ್ತೆ ಚಾರ್ಟ್ ನೋಡುವುದು. ಪಕ್ಕದ ಹುಡುಗರು ಒಂದು ಪುಟ ಮುಗಿಸುವಷ್ಟರಲ್ಲಿ ಇವರದು ಎರಡು ಪ್ಯಾರಾ. ಆದರೆ ಇವರು ತಿದ್ದಿದ ಪುಟದಲ್ಲಿ ತಪ್ಪು ಉಳಿಯುತ್ತಿರಲಿಲ್ಲ. ಕಚೇರಿಗೆ ಸುಣ್ಣ ಬಣ್ಣ ಹೊಡೆಸುವಾಗ ಆ ಚಾರ್ಟ್ ಕಿತ್ತು ಹಾಕಿದರು. ಅದು ಇಲ್ಲ ಅನ್ನುವುದು ಅವರಿಗೆ ಗೊತ್ತಾಗಿದ್ದು ಯಾರೋ ಹೇಳಿದ ಮೇಲೆ. ಧೈರ್ಯ ಬಂದ ಮೇಲೆ ಕೆಲಸಕ್ಕೆ ಹೋಗೋಣ ಅಂತ ಕೂತಿದ್ದರೆ ಅವರು ಇವತ್ತೂ ಮನೆಯಲ್ಲೇ ಇರುತ್ತಿದ್ದರು. ನೀವೂ ಕಾಯಬೇಡಿ. ಭಯ ಇಟ್ಟುಕೊಂಡೇ ಹೋಗಿ.

ನಿಮಗೆ ಕಡಿಮೆ ಇರುವುದು ಟ್ಯಾಲಿ, ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್. ಅದನ್ನು ಕಲಿಯಲೇಬೇಕು. ಮಗನ ವಯಸ್ಸಿನವರ ಜೊತೆ ಕ್ಲಾಸಿನಲ್ಲಿ ಕೂರಲು ನಾಚಿಕೆ ಅಂದಿದ್ದೀರಿ. ಹಾಗಾದರೆ ಮಗ ಊರಿಗೆ ಬಂದಾಗ ಅವನ ಲ್ಯಾಪ್‌ಟಾಪ್‌ಗೆ ಟ್ಯಾಲಿಯನ್ನು ಎಜುಕೇಷನಲ್ ಮೋಡ್‌ನಲ್ಲಿ ಹಾಕಿಸಿಕೊಳ್ಳಿ. ದುಡ್ಡು ಕಟ್ಟಬೇಕಾಗಿಲ್ಲ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಕಿನ ನಮೂದುಗಳನ್ನು ಮಾತ್ರ ಹಾಕಲು ಬಿಡುತ್ತದೆ. ಕಲಿಯಲು ಅಷ್ಟು ಸಾಕು. ನಿಮ್ಮ ಸಂಘದ ಒಂದು ತಿಂಗಳ ಲೆಕ್ಕವನ್ನೇ ಅದರಲ್ಲಿ ಹಾಕಿ ನೋಡಿ. ಪಾವತಿ, ಸ್ವೀಕೃತಿ, ಖಾತೆ ಎಲ್ಲ ನಿಮಗೆ ಗೊತ್ತಿರುವುದೇ, ಪುಸ್ತಕದ ಬದಲು ಪರದೆ. ಕೈ ಕೂತ ಮೇಲೆ ಜಿಎಸ್‌ಟಿ ಕಲಿಯಲು ಕ್ಲಾಸಿಗೆ ಹೋಗಿ. ಅಷ್ಟರಲ್ಲಿ ನಾಚಿಕೆ ಅರ್ಧ ಕಡಿಮೆಯಾಗಿರುತ್ತದೆ.

ಎಂ.ಕಾಂ. ಮಾಡಲೇ ಅಂತಲೂ ಕೇಳಿದ್ದೀರಿ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ 1996ರಿಂದ ಇದೆ, ವಯಸ್ಸು ಅಲ್ಲಿ ಅಡ್ಡಿಯಲ್ಲ. ಓದುವ ಆಸೆ ಇದ್ದರೆ ಖಂಡಿತ ಓದಿ. ಆದರೆ ಕೆಲಸಕ್ಕಾಗಿ ಅಂದರೆ ನನ್ನ ಉತ್ತರ ಈಗ ಬೇಡ. ಮನೆಗೆ ದುಡ್ಡು ಬೇಕಿರುವುದು ಈ ವರ್ಷ. ಸರ್ಕಾರಿ ನೌಕರಿಯ ವಯೋಮಿತಿ ನಿಮಗೆ ದಾಟಿದೆ, ಅದಕ್ಕೆ ಕೋಚಿಂಗ್ ಅಂತ ದುಡ್ಡು ಸುರಿಯಬೇಡಿ. ಮನೆಯಲ್ಲೇ ಕೂತು ಟೈಪ್ ಮಾಡಿ, ಮೊದಲು ಡಿಪಾಸಿಟ್ ಕಟ್ಟಿ ಅನ್ನುವ ಮೆಸೇಜ್‌ಗಳಿಗಂತೂ ಉತ್ತರ ಕೊಡಲೇಬೇಡಿ. ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ. ಯಾರಾದರೂ ಈಗಾಗಲೇ ಕಟ್ಟಿ ಮೋಸ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಎಲ್ಲಿ ಕೇಳಬೇಕು? ಬೆಲ್ಲದ ಮಂಡಿ, ರೈಸ್ ಮಿಲ್ಲು, ಗೊಬ್ಬರದ ಅಂಗಡಿ, ಆಡಿಟರ್ ಕಚೇರಿ. ಪ್ರತಿ ತಿಂಗಳು ರಿಟರ್ನ್ಸ್ ಸಲ್ಲಿಸುವ ವ್ಯಾಪಾರಿಗಳು 11ನೇ ತಾರೀಕಿನೊಳಗೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ರೊಳಗೆ ತೆರಿಗೆ ಲೆಕ್ಕದ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕು. ಆ ದಿನಗಳಲ್ಲಿ ಆಡಿಟರ್ ಕಚೇರಿಯಲ್ಲಿ ಬಿಲ್ಲು ಜೋಡಿಸಿ ಲೆಕ್ಕ ಏರಿಸುವವರು ಎಷ್ಟಿದ್ದರೂ ಸಾಲದು. ಅದಕ್ಕೆ ತಿಂಗಳ ಮೊದಲ ವಾರವೇ ಹೋಗಿ ಕೇಳಿ. ಇಲ್ಲಿ ಯಜಮಾನರ ಸಹಾಯ ತಗೊಳ್ಳಿ. ಅಷ್ಟು ವರ್ಷ ಹಾರ್ಡ್‌ವೇರ್ ಅಂಗಡಿ ನಡೆಸಿದವರಿಗೆ ಊರಿನ ಅರ್ಧ ವ್ಯಾಪಾರಿಗಳ ಪರಿಚಯ ಇರುತ್ತದೆ. ಅವರೇ ಕೂತು ನಾಲ್ಕು ಫೋನ್ ಮಾಡಲಿ. ಕೈಯಲ್ಲಾಗದೆ ಕೂತಿದ್ದೀನಿ ಅಂತ ಅವರು ಕೊರಗುತ್ತಾರೆ ಅಂತ ಬರೆದಿದ್ದೀರಿ, ಇದು ಅವರಿಂದ ಆಗುವ ಕೆಲಸ. "ಈ ವಯಸ್ಸಲ್ಲಿ ದುಡಿಯೋಕೆ ಹೋದ್ರೆ ಮನೆ ಮರ್ಯಾದೆ ಏನಾಗುತ್ತೆ" ಅಂದ ಓರಗಿತ್ತಿಗೆ ಉತ್ತರ ಕೊಡುತ್ತಾ ಕೂರಬೇಡಿ. ಮಗನ ಫೀಸು ಕಟ್ಟುವವರು ನೀವು.

ಮಂಡ್ಯದಲ್ಲಿ ಸಿಗದಿದ್ದರೆ ಶ್ರೀರಂಗಪಟ್ಟಣ, ಮೈಸೂರು ದೂರವೇನಲ್ಲ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಮುಂಚೆ ಸಂಬಳದಲ್ಲಿ ಬಸ್ ಚಾರ್ಜ್ ಕಳೆದು ಏನು ಉಳಿಯುತ್ತೆ ಅಂತ ಲೆಕ್ಕ ಹಾಕಿ ಮೈಸೂರಿನ ಆಸೆ ಬಿಡುತ್ತಿದ್ದರು. ಈಗ ಆ ಲೆಕ್ಕ ಬದಲಾಗಿದೆ.

ಎರಡು ಕಡೆ ಕೆಲಸ ಸಿಕ್ಕರೆ ಸಾವಿರ ರೂಪಾಯಿ ಕಡಿಮೆ ಕೊಟ್ಟರೂ ಇಎಸ್‌ಐ (ನೌಕರರ ಆರೋಗ್ಯ ವಿಮೆ), ಪಿಎಫ್ (ಭವಿಷ್ಯ ನಿಧಿ) ಇರುವ ಕಡೆಗೇ ಸೇರಿ. ನಿಮ್ಮ ವಿಷಯದಲ್ಲಿ ಇದು ತುಂಬಾ ಮುಖ್ಯ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳಕ್ಕೆ ಇಎಸ್‌ಐ ಅನ್ವಯಿಸುತ್ತದೆ, ನಿಮ್ಮ ಪಾಲು ಸಂಬಳದ ಶೇ. 0.75 ಮಾತ್ರ. ಹೆಂಡತಿ ದುಡಿದರೆ ಗಂಡನಿಗೂ ಚಿಕಿತ್ಸೆ ಸಿಗುತ್ತದೆ. ಈಗ ಯಜಮಾನರ ಮಾತ್ರೆಗೆ, ಸ್ಕ್ಯಾನಿಂಗ್‌ಗೆ ಎಷ್ಟು ಹೋಗುತ್ತಿದೆ ಅನ್ನುವುದು ನಿಮಗೇ ಗೊತ್ತು. ಪಿಎಫ್ ಜೊತೆ ಬರುವ ಪಿಂಚಣಿಗೆ 58 ತುಂಬುವಷ್ಟರಲ್ಲಿ 10 ವರ್ಷದ ಸೇವೆ ಬೇಕು. 47ರಲ್ಲಿ ಶುರು ಮಾಡಿದರೆ ಅದು ನಿಮಗೆ ದಕ್ಕುತ್ತದೆ. ಇನ್ನೆರಡು ವರ್ಷ ಯೋಚನೆ ಮಾಡುತ್ತಾ ಕೂತರೆ ಕೈತಪ್ಪುತ್ತದೆ.

ಹೊಲಿಗೆ, ಹೂ ಕಟ್ಟುವ ಕೆಲಸ ಗೊತ್ತಿರುವ ಓದುಗರೂ ಇಂಥದೇ ಪತ್ರ ಬರೆದಿದ್ದಾರೆ. ಕುಶಲಕರ್ಮಿಗಳಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ಶುರು ಮಾಡಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಇವೆರಡೂ ಇವೆ. ವಿವರವಾಗಿ ಇನ್ನೊಂದು ಸಂಚಿಕೆಯಲ್ಲಿ ಬರೆಯುತ್ತೇನೆ.

ಕೊನೆಗೆ, ಸಂಬಳ ಕೇಳುವುದು ಹೇಗೆ ಅಂದಿದ್ದೀರಿ. ಸೇರುವ ದಿನವೇ ಕೇಳಿ. "ಮೊದಲು ಮಾಡಿ, ಆಮೇಲೆ ನೋಡೋಣ" ಅಂದರೆ "ಒಂದು ತಿಂಗಳು ನನ್ನ ಕೆಲಸ ನೋಡಿ, ಆದರೆ ಆ ತಿಂಗಳಿಗೆ ಎಷ್ಟು, ಮುಂದಿನ ತಿಂಗಳಿಗೆ ಎಷ್ಟು, ಈಗಲೇ ಹೇಳಿಬಿಡಿ" ಅನ್ನಿ. ಪರಿಚಯದವರ ಅಂಗಡಿಯಾದರೂ ಬಿಟ್ಟಿ ದುಡಿಯಬೇಡಿ. ಕೆಲಸ ಸಿಕ್ಕ ಕೂಡಲೇ ನನಗೊಂದು ಕಾಗದ ಹಾಕಿ.